‘ನಾನು’ ಎಂದು ಬರೆದು ನೋಡುವ ಕ್ರಮ

ಅಪರಿಚಿತರೊಬ್ಬರು ಮಲೆನಾಡಿನ ಮನೆಯ ಜಗಲಿ ಹತ್ತಿದರೆ “ಯಾವೂರಾಯ್ತು? ಯಾರ ಮನೆಯವರು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನುಷ್ಯನನ್ನು ಅವನ ಸಂಬಂಧಗಳ ಮೂಲಕ ಗುರುತಿಸುವ ಸಾಮೂಹಿಕ ಪ್ರವೃತ್ತಿ ಇದು. ಅವನ ಸ್ವಭಾವ, ಇಷ್ಟಾನಿಷ್ಟ, ಸಾಧನೆಗಳಿಂದ ಗುರುತಿಸುವುದು ವ್ಯಕ್ತಿನಿಷ್ಠ ಪ್ರವೃತ್ತಿ. ಇವೆರಡೂ ನಿಮ್ಮಲ್ಲಿ ಹೇಗೆ ಬೆರೆತಿವೆ ಎಂದು ತಿಳಿಯಲು ಒಂದು ಹಾಳೆ ಸಾಕು.

“ನಾನು ಯಾರು?” ಎಂಬ ಪ್ರಶ್ನೆಗೆ, ಹೆಚ್ಚು ಯೋಚಿಸದೆ, ಇಪ್ಪತ್ತು ವಾಕ್ಯಗಳಲ್ಲಿ ಉತ್ತರ ಬರೆಯಿರಿ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ 1954ರಲ್ಲಿ ಪ್ರಕಟಿಸಿದ ಕ್ರಮವಿದು. ಕನ್ನಡದಲ್ಲಿ ಕ್ರಿಯಾಪದವೇ ಕರ್ತೃವನ್ನು ಸೂಚಿಸುವುದರಿಂದ ನಾವು ‘ನಾನು’ ಎಂಬುದನ್ನು ಬಿಟ್ಟೇ ಮಾತಾಡುವುದುಂಟು. ಇಲ್ಲಿ ಮಾತ್ರ ಪ್ರತಿ ವಾಕ್ಯವೂ ಆ ಪದದಿಂದಲೇ ಆರಂಭವಾಗಲಿ. ಬಳಿಕ “ನಾನು ಹಟಮಾರಿ” ಎಂಬಂಥ ವಾಕ್ಯಗಳಿಗೆ ಒಂದು ಗುರುತನ್ನೂ, “ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯ ಹಿರಿಯ ಸೊಸೆ” ಎಂಬಂಥವಕ್ಕೆ ಇನ್ನೊಂದನ್ನೂ ಹಾಕಿ ಎಣಿಸಿ. ಒಮ್ಮೆ ಶಿವಮೊಗ್ಗದ ಕಚೇರಿಯಲ್ಲಿ, ಇನ್ನೊಮ್ಮೆ ಹಬ್ಬಕ್ಕೆ ಊರಿಗೆ ಹೋದಾಗ ಬರೆಯುವುದು ಒಳ್ಳೆಯದು. ಒಂದೇ ಸಲದ ಎಣಿಕೆಯಿಂದ ನಾನು ಇಂಥವನೇ ಎಂದು ತೀರ್ಮಾನಿಸುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಇತರರನ್ನು ಕುರಿತ ಅಭ್ಯಾಸ ಇದಕ್ಕಿಂತ ಕಠಿಣ. ಅಡಿಕೆ ಸುಲಿಯಲು ಬರುತ್ತೇನೆಂದ ನೆರೆಯವರು ಬರಲಿಲ್ಲ ಎನ್ನಿ. ಹಾಳೆಯ ಎಡಕ್ಕೆ ಮನಸ್ಸಿಗೆ ಮೊದಲು ಹೊಳೆದ ಕಾರಣವನ್ನು, ಅದು “ಸೋಮಾರಿ” ಎಂದಿದ್ದರೂ ಸರಿಯೇ, ಹಾಗೆಯೇ ಬರೆಯಿರಿ. ಬಲಕ್ಕೆ ಆ ದಿನ ಅವರ ಮನೆಯಲ್ಲಿ ಏನೇನಿದ್ದಿರಬಹುದು ಎಂಬುದನ್ನು ಬರೆಯಿರಿ. 1984ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಜೋನ್ ಮಿಲ್ಲರ್ ಅವರ ಅಧ್ಯಯನದಲ್ಲಿ, ಇತರರ ನಡತೆಗೆ ಷಿಕಾಗೋದ ವಯಸ್ಕರು ಹೆಚ್ಚಾಗಿ ಸ್ವಭಾವವನ್ನೂ, ನಮ್ಮ ಮೈಸೂರಿನ ವಯಸ್ಕರು ಹೆಚ್ಚಾಗಿ ಸಂದರ್ಭವನ್ನೂ ಕಾರಣವಾಗಿ ಹೇಳಿದ್ದರು. ಎಂಟು ವರ್ಷದ ಮಕ್ಕಳಲ್ಲಿ ಈ ಅಂತರ ಅಷ್ಟಾಗಿ ಕಾಣದೆ, ವಯಸ್ಸಿನೊಂದಿಗೆ ಬೆಳೆದಿತ್ತು. ಅಂದರೆ ಇದು ಬೆಳೆಯುತ್ತ ಕಲಿತ ನೋಟ; ಕಲಿತದ್ದನ್ನು ತಿದ್ದಿಕೊಳ್ಳಲೂ ಸಾಧ್ಯವಿದೆ.

ಆದರೆ ಸಂದರ್ಭ ನೋಡುವ ಈ ಔದಾರ್ಯವನ್ನು ನಾವು ‘ನಮ್ಮವರಿಗೆ’ ಮಾತ್ರ ಮೀಸಲಿಡುವುದುಂಟು. ತನ್ನ ಪಾಲಿನ ತೋಟ ಮಾರಿ ಬೆಂಗಳೂರಿನಲ್ಲಿ ನೆಲೆಸಿದವನನ್ನು ಊರು ಒಂದೇ ಮಾತಿನಲ್ಲಿ ಸ್ವಾರ್ಥಿ ಎಂದುಬಿಡುತ್ತದೆ. ಅಂಥವರ ಬಗ್ಗೆ ಬರೆಯುವಾಗ ಬಲಬದಿಯನ್ನು ಊಹೆಯಿಂದ ತುಂಬಿಸದೆ ಖಾಲಿ ಬಿಡಿ. ಮುಂದಿನ ಸಲ ಅವರು ಊರಿಗೆ ಬಂದಾಗ ಅವರನ್ನೇ ಕೇಳಿ, ಉತ್ತರವನ್ನು ಅವರದೇ ಮಾತುಗಳಲ್ಲಿ ಅಲ್ಲಿ ಬರೆದುಕೊಳ್ಳಿ.