ಬೊಟಿಚೆಲ್ಲಿಯ ಹಿಂದೆ ಹೋಗಿ ಬಕೆಟ್ ಕಳಕೊಂಡೆ

ನಾನು ಮೈಸೂರಿನಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವವಳು. ರಿನೈಸಾನ್ಸ್, ಅಂದರೆ ಯುರೋಪಿನ ಪುನರುಜ್ಜೀವನ ಕಾಲದ ಪಾಠ ಬಂದಾಗಲೆಲ್ಲ ಲಿಯೊನಾರ್ಡೊ, ಮೈಕೆಲಾಂಜೆಲೊ, ರಾಫೆಲ್ ಅಂತ ಹೆಸರು ಒಪ್ಪಿಸಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಅದೇ ಕಾಲದ ಇಟಲಿಯ ಚಿತ್ರಕಾರ ಬೊಟಿಚೆಲ್ಲಿಯ ಪ್ರಿಮವೇರಾ ಚಿತ್ರ ತೋರಿಸುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ಮಿಸ್, ಇವರ ಮುಖಕ್ಕೆಲ್ಲ ಯಾಕೆ ಗೆರೆ ಎಳೆದ ಹಾಗಿದೆ? ಮೋನಾಲಿಸಾಗೆ ಇಲ್ವಲ್ಲ?" "ಅದು ಅವನ ಶೈಲಿ ಕಣೋ" ಅಂದೆ. ಆ ಉತ್ತರ ನನಗೇ ಒಪ್ಪಿಗೆ ಆಗಲಿಲ್ಲ.

ಪ್ರಿಮವೇರಾ 1480ರ ಸುಮಾರಿನದು, ಈಗ ಫ್ಲೋರೆನ್ಸಿನ ಉಫಿಝಿ ಮ್ಯೂಸಿಯಮ್ಮಿನಲ್ಲಿದೆ. ಪಾಪ್ಲರ್ ಮರದ ಹಲಗೆ, ಎರಡು ಮೀಟರ್ ಎತ್ತರ, ಮೂರು ಮೀಟರಿಗಿಂತ ಜಾಸ್ತಿ ಅಗಲ. ಬಣ್ಣ ಟೆಂಪೆರಾ, ಅಂದರೆ ಮುಖ್ಯವಾಗಿ ಮೊಟ್ಟೆಯ ಹಳದಿಯಲ್ಲಿ ಕಲಸಿದ್ದು. ಹಾಗೇ ಮಾಡಿ ನೋಡಿದರೆ ಗೆರೆಯ ಗುಟ್ಟು ಗೊತ್ತಾಗಬಹುದು ಅನ್ನಿಸಿತು. ಹೂವಿನ ಸೀರೆಯಂಥ ಉಡುಪು ತೊಟ್ಟ ಹೂವಿನ ದೇವತೆ ಫ್ಲೋರಾಳ ಮುಖವನ್ನಷ್ಟೇ ಆರಿಸಿಕೊಂಡೆ. ಇಡೀ ಚಿತ್ರಕ್ಕೆ ಕೈ ಹಾಕುವ ಹುಚ್ಚು ನನಗಿಲ್ಲ.

ದಾರಿ ತೋರಿಸಲು ಚೆನ್ನಿನೊ ಚೆನ್ನಿನಿ ಇದ್ದ. ಬೊಟಿಚೆಲ್ಲಿಗಿಂತ ಮೊದಲಿನ ಚಿತ್ರಕಾರ. 1400ರ ಸುಮಾರಿಗೆ ಚಿತ್ರಕಾರರ ಕೆಲಸವನ್ನೆಲ್ಲ ಅಡುಗೆ ಹೇಳಿಕೊಟ್ಟ ಹಾಗೆ ಬರೆದಿಟ್ಟಿದ್ದಾನೆ. ಹಲಗೆಗೆ ಮೊದಲು ಜೆಸ್ಸೋ, ಅಂದರೆ ಬಣ್ಣದ ಅಡಿಗೆ ಹಾಕುವ ಬಿಳಿ ಲೇಪ, ಬಳಿಯಬೇಕು. ಇಟಲಿಯಲ್ಲಿ ಅದು ಜಿಪ್ಸಮ್, ನಮ್ಮ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದೇ ಮೂಲ. ಅದನ್ನು ಜಾಸ್ತಿ ನೀರಲ್ಲಿ ನೆನೆಸಿ, ಗಟ್ಟಿಯಾಗಲು ಬಿಡದೆ, ಒಂದು ತಿಂಗಳು ದಿನಾ ಕದಡಬೇಕಂತೆ.

ನಾನು ನೀರು ಕಡಿಮೆ ಹಾಕಿದೆ. ಕದಡುತ್ತಿರುವಾಗ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಬಚ್ಚಲುಮನೆ ಬಕೆಟ್ ತುಂಬ ಒಂದೇ ಬಂಡೆ, ಕದಡುವ ಕೋಲೂ ಒಳಗೇ. "ಏನಮ್ಮ, ಮನೆಯಲ್ಲೇ ಗಾರೆ ಕೆಲಸ ಶುರು ಮಾಡಿದೆಯಾ?" ಅಂದರು ನಮ್ಮತ್ತೆ.

ಎರಡನೇ ಸಲ ಬಕೆಟ್ ತುಂಬ ನೀರು, ಪುಡಿ ಎರಡೇ ಬೊಗಸೆ. ಮೊದಲ ದಿನ ಒಂದು ಗಂಟೆ ಕೈ ಬಿಡದೆ ಕದಡಿದೆ, ಆಮೇಲೆ ದಿನಕ್ಕೊಂದು ಸಲ. ತಿಂಗಳಾದ ಮೇಲೆ ಬಟ್ಟೆಯಲ್ಲಿ ಗಟ್ಟಿ ಮೊಸರಿನ ಹಾಗೆ ಕಟ್ಟಿ ತೂಗುಹಾಕಿದರೆ ಬೆಣ್ಣೆಯಂಥ ಮುದ್ದೆ ಸಿಕ್ಕಿತು. ಅದನ್ನು ಬಿಸಿ ಅಂಟಿನಲ್ಲಿ ಕರಗಿಸಿ ಎಂಟು ಕೈ ಬಳಿದೆ. ಅಂಟು ಕುದಿಯಬಾರದು, ಕುದಿದರೆ ಹಿಡಿತ ಹೋಗುತ್ತದೆ. ಜೋರಾಗಿ ಕಲಕಲೂಬಾರದು. ಕಲಕಿದರೆ ಗುಳ್ಳೆ ಎದ್ದು, ಒಣಗಿದ ಮೇಲೆ ಸೂಜಿ ಚುಚ್ಚಿದಂಥ ತೂತು ಉಳಿಯುತ್ತದೆ. ಉಜ್ಜಿ ನುಣುಪು ಮಾಡಿದ ಹಲಗೆಯನ್ನು ಮುಟ್ಟಿದರೆ ಕೈ ತೆಗೆಯಲು ಮನಸ್ಸು ಬರುವುದಿಲ್ಲ. ಮೈಸೂರು ಶೈಲಿಯಲ್ಲಿ ಒಡವೆ ಉಬ್ಬಿಸುವ ಜೆಸ್ಸೋ ಕೆಲಸ ಸ್ವಲ್ಪ ಕಲಿತಿದ್ದೆ, ಹಾಗಾಗಿ ಕೈಗೆ ಅಷ್ಟು ಹೊಸತಾಗಲಿಲ್ಲ. ಅಂದ ಹಾಗೆ ಈ ಅಂಟು ಮೊಲದ ಚರ್ಮದ್ದು. ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊಟ್ಟೆಯ ವಿಷಯ ಮಾತ್ರ ಮುಚ್ಚಿಡಲು ಆಗಲಿಲ್ಲ. ಅಡುಗೆ ಮನೆಗೆ ಬರಕೂಡದು ಅಂದರು. ಹಾಗಾಗಿ ಎಲ್ಲ ಕೆಲಸವೂ ತಾರಸಿಯ ಮೇಲೆ, ಒಂದು ಶೀಟಿನ ಕೆಳಗೆ.

ಹಳದಿ ತೆಗೆಯುವುದೇ ಒಂದು ವಿದ್ಯೆ. ಬಿಳಿ ಲೋಳೆ ಚೂರೂ ಉಳಿಯಬಾರದು. ಹಳದಿಯನ್ನು ಈ ಅಂಗೈಯಿಂದ ಆ ಅಂಗೈಗೆ ದಾಟಿಸುತ್ತಾ, ಪ್ರತಿ ಸಲ ಖಾಲಿ ಕೈಯನ್ನು ಒರೆಸಿಕೊಳ್ಳಬೇಕು. ಐದಾರು ಸಲಕ್ಕೆ ಅದರ ಮೈ ಒಣಗುತ್ತದೆ. ಆಗ ಎರಡು ಬೆರಳಲ್ಲಿ ಪೊರೆ ಹಿಡಿದು ಮೆಲ್ಲಗೆ ಎತ್ತಿ, ಕೆಳಗಿನಿಂದ ಸೂಜಿ ಚುಚ್ಚಬೇಕು. ಹಳದಿ ಬಟ್ಟಲಿಗೆ ಇಳಿಯುತ್ತದೆ, ಖಾಲಿ ಪೊರೆ ಬೆರಳಲ್ಲಿ ಉಳಿಯುತ್ತದೆ. ನಾಲ್ಕು ಮೊಟ್ಟೆ ಕೈಯಲ್ಲೇ ಒಡೆದವು. ಐದನೆಯದು ಇಳಿದಾಗ ಮಗಳು ಚಪ್ಪಾಳೆ ತಟ್ಟಿದಳು.

ಚೆನ್ನಿನಿ ಇಲ್ಲೊಂದು ಮಜದ ಮಾತು ಹೇಳುತ್ತಾನೆ. ಎಳೆಯ ಮುಖಗಳಿಗೆ ಪೇಟೆ ಕೋಳಿಯ ಮೊಟ್ಟೆ, ಏಕೆಂದರೆ ಅದರ ಹಳದಿ ತಿಳಿ. ವಯಸ್ಸಾದ, ಕಪ್ಪು ಬಣ್ಣದ ಮುಖಗಳಿಗೆ ಹಳ್ಳಿ ಕೋಳಿಯದು. ಓದಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ಫಾರಂ ಮೊಟ್ಟೆ, ನಾಟಿ ಮೊಟ್ಟೆ. ಎರಡನ್ನೂ ತಂದು ಬಿಳಿ ಬಣ್ಣಕ್ಕೆ ಕಲಸಿ ನೋಡಿದೆ. ಹಸಿಯಾಗಿದ್ದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು, ವಾರ ಕಳೆದ ಮೇಲೆ ಅಷ್ಟೇನೂ ಕಾಣಲಿಲ್ಲ. ಆದರೂ ಫ್ಲೋರಾಗೆ ಫಾರಂ ಮೊಟ್ಟೆಯನ್ನೇ ಹಾಕಿದೆ. ಗುರು ಹೇಳಿದ ಮೇಲೆ ಮುಗಿಯಿತು.

ಬಣ್ಣದ ಪುಡಿಗೆ ಹಳದಿ ಸಾಕಾಯಿತೇ ಅಂತ ನೋಡುವುದು ಸುಲಭ. ಗಾಜಿನ ಮೇಲೆ ಬಳಿದು, ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಬೇಕು. ಸಿಪ್ಪೆಯ ಹಾಗೆ ಎದ್ದು ಬಂದರೆ ಸರಿ. ಪುಡಿಪುಡಿಯಾದರೆ ಹಳದಿ ಕಡಿಮೆ.

ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಬಳಿಯಬೇಕು. ಇದೂ ಚೆನ್ನಿನಿಯದೇ ಪಾಠ. ಮೇಲೆ ಬರುವ ಗುಲಾಬಿಗೆ ಈ ಹಸಿರೇ ಜೀವ ಕೊಡುವುದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೈಕೆಲಾಂಜೆಲೊ ಅರ್ಧಕ್ಕೇ ಬಿಟ್ಟ ಒಂದು ಮಡೋನಾ, ಅಂದರೆ ಮೇರಿಯ ಚಿತ್ರ, ಇದೆ. ಅದರ ಎಡಗಡೆಯ ದೇವದೂತರು ಇನ್ನೂ ಹಸಿರಾಗಿಯೇ ನಿಂತಿದ್ದಾರೆ. ನನ್ನ ಫ್ಲೋರಾ ಮೂರು ದಿನ ಹಾಗೇ ಇದ್ದಳು. "ಅಮ್ಮ, ಇವಳಿಗೆ ಹುಷಾರಿಲ್ವಾ?" ಅಂದಳು ಮಗಳು.

ಗುಲಾಬಿ ಹಾಕಲು ಕೂತಾಗ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೆನ್ನೆಗೆ ಒಂದು ಗೆರೆ ಎಳೆದು, ಅಂಚನ್ನು ಮೆತ್ತಗೆ ಮಾಡೋಣ ಅಂತ ಕುಂಚ ತಿರುಗಿಸುವಷ್ಟರಲ್ಲಿ ಅದು ಒಣಗಿ ಆಗಿತ್ತು. ಒದ್ದೆ ಕುಂಚದಿಂದ ತಿಕ್ಕಿದೆ. ಹಸಿರು ಸಮೇತ ಕಿತ್ತು ಬಂತು, ಕೆನ್ನೆಯ ಮೇಲೆ ಕಾಳಿನಷ್ಟು ತೂತು. ಈ ಬಣ್ಣದಲ್ಲಿ ಒಂದನ್ನು ಇನ್ನೊಂದಕ್ಕೆ ಬೆರೆಸಲು ಆಗುವುದೇ ಇಲ್ಲ. ಕೂದಲೆಳೆಯಂಥ ಗೆರೆಗಳನ್ನು ಪಕ್ಕಪಕ್ಕ ಎಳೆಯಬೇಕು, ಅವುಗಳ ಮೇಲೆ ಇನ್ನೊಂದು ಸಾಲು. ಕೆನ್ನೆಯ ಗುಂಡು ಮೂಡಲು ನನಗೆ ಹನ್ನೊಂದು ಸಂಜೆ ಹಿಡಿಯಿತು. ಇಷ್ಟೆಲ್ಲ ಗೆರೆಯಲ್ಲೇ ಕಟ್ಟಿದ ಮುಖಕ್ಕೆ ಕೊನೆಯಲ್ಲಿ ಗಲ್ಲದ ಸುತ್ತ ಇನ್ನೊಂದು ಗೆರೆ ತಾನಾಗಿಯೇ ಬರುತ್ತದೆ. ಮೋನಾಲಿಸಾ ಎಣ್ಣೆ ಬಣ್ಣ. ನಿಧಾನಕ್ಕೆ ಒಣಗುತ್ತದೆ, ಅಂಚು ಹೊಗೆಯ ಹಾಗೆ ಕರಗುತ್ತದೆ. ಶೈಲಿ ಅಂದಿದ್ದೆನಲ್ಲ, ಅದರಲ್ಲಿ ಅರ್ಧ ಪಾಲು ಮೊಟ್ಟೆಯದು.

ಲಿಯೊನಾರ್ಡೊಗೆ ಅವಸರ ಆಗದು ಅಂತ ಓದಿದ್ದೆ, ಈಗ ಅರ್ಥವಾಯಿತು. ಮಿಲಾನಿನ 'ಕೊನೆಯ ಭೋಜನ' ಅನ್ನುವ ಗೋಡೆಚಿತ್ರವನ್ನು 1495ರಿಂದ 1498ರವರೆಗೆ ಬರೆದ. ಹಸಿ ಗಾರೆ ಒಣಗುವ ಮೊದಲು ಮುಗಿಸುವ ಗೋಜು ಬೇಡ ಅಂತ ಒಣ ಗೋಡೆಯ ಮೇಲೇ ಬಳಿದ. ಅವನು ಬದುಕಿದ್ದಾಗಲೇ ಅದು ಹಾಳಾಗತೊಡಗಿತು. 1978ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 1999ಕ್ಕೆ. ಅಂಥವನಿಗೇ ಹಾಗಾದ ಮೇಲೆ ನನ್ನ ಬಕೆಟ್ ಯಾವ ಲೆಕ್ಕ!

ನನ್ನ ಫ್ಲೋರಾ ಮೂಲದಷ್ಟು ನಗುವುದಿಲ್ಲ. ತುಟಿಯ ಕೊನೆ ಸ್ವಲ್ಪ ಇಳಿದಿದೆ, ಕೆನ್ನೆಯ ತೇಪೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಮೂಗಿನ ಹತ್ತಿರ ತಂದು ಮೂಸಿಯೂ ನೋಡಿದರು.

"ಲಕ್ಷಣವಾಗಿದ್ದಾಳೆ ಕಣಮ್ಮ. ದೇವರ ಮನೆ ಗೋಡೆಗೆ ಮಾತ್ರ ಬೇಡ."

ಮೆಟ್ಟಿಲ ಹತ್ತಿರ ನೇತುಹಾಕಿದ್ದೇನೆ.