ರಕ್ತಪರೀಕ್ಷೆಯ ವರದಿಯಲ್ಲಿ ಬಿಳಿ ಕಣಗಳ ಲೆಕ್ಕವನ್ನು ಓದುವ ಬಗೆ

ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಹರಡಿತೆಂದರೆ, ಬಡಾವಣೆಯ ಲ್ಯಾಬ್‌ನಿಂದ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿ ವಾಟ್ಸಾಪ್‌ಗೆ ಬಂದ ಕೂಡಲೇ ಮನೆಮಂದಿಯ ಕಣ್ಣು ಹೋಗುವುದು ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ. ಅದೇ ಹಾಳೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಐದು ಬಗೆಯ ಬಿಳಿ ರಕ್ತಕಣಗಳ ಲೆಕ್ಕವೂ ಇರುತ್ತದೆ; ಅದನ್ನು ಓದಲು ತಿಳಿದಿದ್ದರೆ ವೈದ್ಯರ ಮಾತು ಬೇಗ ಅರ್ಥವಾಗುತ್ತದೆ.

ಮೊದಲು ಬಿಳಿ ಕಣಗಳ ಒಟ್ಟು ಸಂಖ್ಯೆಯನ್ನು ನೋಡಬೇಕು. ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಕಣಗಳಿರುವುದು ಸಹಜ. ಕೆಲವು ಲ್ಯಾಬ್‌ಗಳು ಸಾವಿರದ ಲೆಕ್ಕದಲ್ಲಿ ಬರೆಯುವುದರಿಂದ 2.5 ಎಂದಿದ್ದರೆ ಅದನ್ನು 2,500 ಎಂದು ಓದಿಕೊಳ್ಳಬೇಕು.

ಅನಂತರ ಬರುವ, ಒಟ್ಟಿನಲ್ಲಿ ಪ್ರತಿ ಬಗೆಯ ಪಾಲು ಎಷ್ಟೆಂದು ಹೇಳುವ ಶೇಕಡಾವಾರು ಅಂಕಿಗಳಲ್ಲೇ ಹೆಚ್ಚಿನವರು ಎಡವುವುದು. ಡೆಂಗಿ ರೋಗಿಯೊಬ್ಬರ ಒಟ್ಟು ಸಂಖ್ಯೆ 2,500, ಅದರಲ್ಲಿ ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳು ಶೇ. 60, ನ್ಯೂಟ್ರೋಫಿಲ್ ಎಂಬ ಬಗೆಯವು ಶೇ. 32 ಎಂದಿಟ್ಟುಕೊಳ್ಳೋಣ. ಲಿಂಫೋಸೈಟ್ ಏರಿದೆಯೆಂದು ವರದಿ ದಪ್ಪಕ್ಷರದಲ್ಲಿ ಹೆದರಿಸುತ್ತದೆ. ಆದರೆ ಶೇಕಡಾವಾರನ್ನು ಒಟ್ಟು ಸಂಖ್ಯೆಯೊಂದಿಗೆ ಗುಣಿಸಿ ನೋಡಿದರೆ ಲಿಂಫೋಸೈಟ್ 1,500, ಅಂದರೆ ಸಹಜವಾಗಿಯೇ ಇದೆ, ನಿಜಕ್ಕೂ ಇಳಿದಿರುವುದು 800ಕ್ಕೆ ಬಂದಿರುವ ನ್ಯೂಟ್ರೋಫಿಲ್. ಆದ್ದರಿಂದ ಗುಣಿಸದೆ ಯಾವ ಶೇಕಡಾವಾರನ್ನೂ ನಂಬಬಾರದು.

ನ್ಯೂಟ್ರೋಫಿಲ್‌ಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಬ್ಯಾಕ್ಟೀರಿಯಾ ಹೊಕ್ಕ ಜಾಗಕ್ಕೆ ಮೊದಲು ಧಾವಿಸಿ, ಅವನ್ನು ನುಂಗಿ ತಾವೂ ಸಾಯುತ್ತವೆ. ಗಾಯದ ಕೀವಿನಲ್ಲಿ ಹೆಚ್ಚಾಗಿರುವುದು ಇವುಗಳ ಅವಶೇಷವೇ. ಇವು 1,500ಕ್ಕಿಂತ ಕಡಿಮೆಯಾದರೆ ವೈದ್ಯರ ಗಮನಕ್ಕೆ ತರಬೇಕು. 500ಕ್ಕಿಂತ ಕೆಳಗಿಳಿದು ಜ್ವರವೂ ಇದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಲಿಂಫೋಸೈಟ್ ಎಂಬ ಒಂದೇ ಸಾಲಿನಲ್ಲಿ ಮೂರು ಬಗೆಯ ಕಣಗಳು ಅಡಗಿವೆ: ಪ್ರತಿಕಾಯಗಳನ್ನು (ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳನ್ನು) ತಯಾರಿಸುವ ಕಣಗಳಾಗಿ ಬೆಳೆಯುವ ಬಿ ಕಣಗಳು, ಸೋಂಕು ತಗುಲಿದ ಜೀವಕೋಶಗಳನ್ನು ಗುರುತಿಸಿ ಕೊಲ್ಲುವ ಮತ್ತು ಉಳಿದ ಕಣಗಳಿಗೆ ಸೂಚನೆ ಕೊಡುವ ಟಿ ಕಣಗಳು, ಹಿಂದಿನ ಪರಿಚಯವಿಲ್ಲದೆಯೂ ಅಂಥ ಜೀವಕೋಶಗಳ ಮೇಲೆ ಎರಗುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳು. ಸಾಮಾನ್ಯ ಸಿಬಿಸಿ ಇವನ್ನು ಬೇರ್ಪಡಿಸದು. ಅದಕ್ಕೆ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಹಾಯಿಸಿ ಬಗೆ ಗುರುತಿಸುವ ಫ್ಲೋ ಸೈಟೊಮೆಟ್ರಿ ಪರೀಕ್ಷೆ ಬೇಕು. ಚಿಕ್ಕ ಮಕ್ಕಳಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸಹಜವಾದ್ದರಿಂದ ಅವರ ವರದಿಯನ್ನು ದೊಡ್ಡವರ ಮಿತಿಯೊಂದಿಗೆ ಹೋಲಿಸಬಾರದು.

ಉಳಿದ ಮೂರು ಬಗೆಗಳಲ್ಲಿ ಒಂದಾದ ಇಯೋಸಿನೋಫಿಲ್ 500 ದಾಟಿದರೆ ಅಲರ್ಜಿ, ಉಬ್ಬಸ ಅಥವಾ ಹೊಟ್ಟೆಹುಳುವಿನ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಖಾಲಿ ಸೈಟುಗಳಲ್ಲಿ ಅಲರ್ಜಿ ತರುವ ಪಾರ್ಥೇನಿಯಂ ಕಳೆ ಬೆಳೆಯುವ ಈ ಊರಿನಲ್ಲಿ ಮೊದಲನೆಯದು ಅಪರೂಪವಲ್ಲ. ಮಾನೋಸೈಟ್‌ಗಳು ರಕ್ತದಿಂದ ಅಂಗಾಂಶಕ್ಕೆ ಇಳಿದು, ಸತ್ತ ಕಣಗಳನ್ನೂ ರೋಗಾಣುಗಳನ್ನೂ ನುಂಗುವ ಮ್ಯಾಕ್ರೋಫೇಜ್‌ಗಳಾಗುತ್ತವೆ. ಅಲರ್ಜಿಯಲ್ಲಿ ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸೂಸುವ ಬೇಸೋಫಿಲ್‌ಗಳು ಶೇ. 1ರ ಆಸುಪಾಸಿನಲ್ಲಿರುತ್ತವೆ, ಸೊನ್ನೆಯೆಂದಿದ್ದರೂ ಗಾಬರಿ ಬೇಡ.

ಸ್ಟಿರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಸೋಂಕಿಲ್ಲದೆಯೂ ನ್ಯೂಟ್ರೋಫಿಲ್ ಏರುತ್ತದೆ, ಇಯೋಸಿನೋಫಿಲ್ ಇಳಿಯುತ್ತದೆ. ಹೀಗಾಗಿ ವರದಿ ತೋರಿಸಲು ಹೋಗುವಾಗ ಔಷಧದ ಚೀಟಿಯನ್ನೂ ಜೊತೆಗೆ ಒಯ್ಯಬೇಕು.