ಮರಡಿಹಳ್ಳಿಯ ಕಲ್ಲಿನ ಮುಂದೆ ಭೂಮಿಯ ಪಾಠ

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಭೂಮಿಯ ವಿಜ್ಞಾನ ಹೇಳಿಕೊಡುವಾಗ ನಾನು ಶಾಖೆಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಭೂವಿಜ್ಞಾನ, ಹವಾಮಾನ ವಿಜ್ಞಾನ, ಸಾಗರ ವಿಜ್ಞಾನ, ಖಗೋಳ ವಿಜ್ಞಾನ ಅಂತ ಬೋರ್ಡಿನ ಮೇಲೆ ಬರೆದರೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಇದೆ: ಮರಡಿಹಳ್ಳಿಯ ದಿಂಬು ಲಾವಾ, ಅಂದರೆ ಕರಗಿದ ಕಲ್ಲು ಆರಿ ದಿಂಬಿನ ಹಾಗೆ ಗಟ್ಟಿಯಾದದ್ದು.

ಚಿತ್ರದುರ್ಗದಿಂದ ಸುಮಾರು 16 ಕಿಲೋಮೀಟರ್ ದೂರದ ಈ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹಾಗಾಗಿ ಸುತ್ತಿಗೆ ಒಯ್ಯುವುದಿಲ್ಲ, ಚೂರು ಕಲ್ಲನ್ನೂ ತರುವುದಿಲ್ಲ. ಭೂತಗನ್ನಡಿ, ಟೇಪು, ನೋಟ್‌ಬುಕ್ ಇದ್ದರೆ ಸಾಕು. ಅಲ್ಲಿ ಹಸಿರು ಛಾಯೆಯ ಉಬ್ಬು ಕಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ನಾನು ಏನೂ ವಿವರಿಸದೆ ಒಂದೇ ಪ್ರಶ್ನೆ ಕೇಳುತ್ತೇನೆ: ಇವು ಹೀಗೆ ಗುಂಡಗೆ ಆಗಿದ್ದು ಹೇಗೆ?

ಮಕ್ಕಳಿಂದ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಹೊಳೆ ಉರುಳಿಸಿ ತಂದಿರಬೇಕು ಅನ್ನೋದು ಒಂದು. ಚಿತ್ರದುರ್ಗದ ಕೋಟೆಯ ಗುಂಡುಬಂಡೆಗಳ ಹಾಗೆ ಬಿಸಿಲು ಮಳೆಗೆ ಸವೆದಿರಬೇಕು ಅನ್ನೋದು ಇನ್ನೊಂದು. ಎರಡೂ ಒಳ್ಳೆಯ ಊಹೆಗಳೇ. ತಪ್ಪು ಅಂತ ನಾನು ಹೇಳುವುದಿಲ್ಲ. ‘ನಿನ್ನ ಮಾತು ನಿಜವಾದರೆ ಇಲ್ಲಿ ಏನೇನು ಕಾಣಬೇಕು? ಸುಳ್ಳಾದರೆ ಏನು ಕಾಣಬೇಕು?’ ಅಂತ ಕೇಳಿ, ಕಲ್ಲು ನೋಡುವ ಮೊದಲೇ ಅದನ್ನು ಬರೆಸುತ್ತೇನೆ. ಈ ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ನೋಡಿದ ಮೇಲೆ ಬರೆದರೆ ಎಲ್ಲರ ಊಹೆಯೂ ಸರಿಯಾಗಿಬಿಡುತ್ತದೆ, ಅಲ್ವಾ?

ಹೊಳೆ ತಂದಿದ್ದರೆ ಬೇರೆ ಬೇರೆ ಜಾತಿಯ ಕಲ್ಲು, ನಡುವೆ ಮರಳು ಸಿಗಬೇಕು. ಇಲ್ಲಿ ಎಲ್ಲವೂ ಒಂದೇ ಕಲ್ಲು. ಮೇಲಿನದರ ತಳ ಕೆಳಗಿನ ಎರಡರ ಸಂದಿಗೆ ಸರಿಯಾಗಿ ಕೂತಿದೆ. ಅಂದರೆ ಕೂರುವಾಗ ಅದು ಇನ್ನೂ ಮೆತ್ತಗಿತ್ತು. ಸವೆದು ಗುಂಡಾಗಿದ್ದರೆ ಅಂಚು ಪದರ ಪದರವಾಗಿ ಉದುರಬೇಕು, ಆದರೆ ಕಣದ ಗಾತ್ರ ಅಂಚಿಗೂ ನಡುವಿಗೂ ಒಂದೇ ಇರಬೇಕು. ದಿಂಬಿನಲ್ಲಿ ಹಾಗಿಲ್ಲ. ಅಂಚಿನಲ್ಲಿ ಕಣ ತೀರಾ ಸಣ್ಣ, ಒಳಗೆ ಹೋದಂತೆ ದಪ್ಪ. ಬೇಗ ಆರಿದ ಲಾವಾದಲ್ಲಿ ಕಣಗಳು ಬೆಳೆಯಲು ಸಮಯ ಸಿಗುವುದಿಲ್ಲ. ಹಾಗಾದರೆ ಈ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ಆರಿತೇ ಅನ್ನೋದು ಮುಂದಿನ ಊಹೆ.

ಶಾಲೆಗೆ ವಾಪಸ್ ಬಂದ ಮೇಲೆ ಬಿಸಿಯೂಟದ ಅಕ್ಕನ ಹತ್ತಿರ ಬೆಲ್ಲದ ಪಾಕ ಕಾಯಿಸಿಕೊಳ್ಳುತ್ತೇವೆ. ಒಂದು ಹನಿ ಒಣ ತಟ್ಟೆಗೆ, ಒಂದು ಹನಿ ತಣ್ಣೀರಿಗೆ. ಪಾಕ ಚರ್ಮ ಸುಡುತ್ತದೆ, ಹಾಗಾಗಿ ಹಾಕುವವಳು ನಾನೇ. ತಟ್ಟೆಯಲ್ಲಿ ಹರಡುತ್ತದೆ. ನೀರಿನಲ್ಲಿ ಉಂಡೆಯಾಗುತ್ತದೆ, ಒತ್ತಿದರೆ ಒಳಗೆ ಮೆತ್ತಗೆ. ಪಾಕ ಲಾವಾ ಅಲ್ಲ, ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತಲೂ ಹೇಳುತ್ತೇನೆ. ಸಾಕ್ಷಿಗೆ ಸಮುದ್ರಕ್ಕೇ ಹೋಗಬೇಕು. 1970ರ ದಶಕದಲ್ಲಿ ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯ ಲಾವಾ ಸಮುದ್ರಕ್ಕಿಳಿದು ಇಂಥದೇ ದಿಂಬುಗಳಾಗುವುದನ್ನು ನೀರಿನೊಳಗೆ ಮುಳುಗಿ ಚಿತ್ರೀಕರಿಸಿದ್ದಾರೆ. ಆ ವಿಡಿಯೋ ತೋರಿಸಿದಾಗ ಸಾಗರ ವಿಜ್ಞಾನ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ಕಳೆದುಹೋದ ಕಾಲವನ್ನು ಮತ್ತೆ ನಡೆಸಿ ನೋಡಲು ಆಗುವುದಿಲ್ಲ. ಇವತ್ತು ನಡೆಯುತ್ತಿರುವುದರ ಜೊತೆ ಹೋಲಿಸಿ ನೋಡಬೇಕು.

ವಯಸ್ಸಿನ ಪ್ರಶ್ನೆ ಬಂದೇ ಬರುತ್ತದೆ. ಈ ಲಾವಾ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದು. ಯುರೇನಿಯಂ 238 ಸುಮಾರು 447 ಕೋಟಿ ವರ್ಷಕ್ಕೆ ಅರ್ಧದಷ್ಟು ತಾನಾಗಿಯೇ ಒಡೆದು ಕೊನೆಗೆ ಸೀಸವಾಗುತ್ತದೆ. ಕಲ್ಲಿನೊಳಗಿನ ಜಿರ್ಕಾನ್ ಹರಳಿನಲ್ಲಿ ಎರಡನ್ನೂ ಅಳೆದು ಇಂಥ ಲೆಕ್ಕ ಹಾಕುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಇಲ್ಲಿ ಒಳಗೆ ಬರುತ್ತವೆ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಒಬ್ಬ ಹುಡುಗಿ ಕೇಳಿದ್ದು. ‘ಮಿಸ್, ಇಲ್ಲಿ ಅಷ್ಟು ನೀರಿತ್ತಲ್ಲ, ಈಗ ಮಳೆ ಯಾಕೆ ಇಷ್ಟು ಕಮ್ಮಿ?’ ಆ ನೀರಿಗೂ ಈ ಮಳೆಗೂ ಸಂಬಂಧವಿಲ್ಲ. ಮುಂಗಾರಿನ ಮೋಡಗಳು ಸಹ್ಯಾದ್ರಿ ಏರುವಾಗಲೇ ಜಾಸ್ತಿ ಸುರಿದುಬಿಡುತ್ತವೆ, ನಮ್ಮ ಜಿಲ್ಲೆಯ ಹಿರಿಯೂರು ಮಳೆ ನೆರಳಿನಲ್ಲಿ, ಅಂದರೆ ಬೆಟ್ಟದ ಈಚೆ ಮಳೆ ಕಮ್ಮಿ ಬೀಳುವ ಕಡೆ ಇದೆ. ಇದು ಹವಾಮಾನ ವಿಜ್ಞಾನ. ಬಿದ್ದ ಮಳೆ ಎಲ್ಲಿ ಹೋಗುತ್ತದೆ ಅನ್ನೋದು ಜಲವಿಜ್ಞಾನ. 1933ರ ನಂತರ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅದನ್ನು ಮಕ್ಕಳೂ ನೋಡಿದ್ದಾರೆ, ಹಾಗಾಗಿ ಈ ಮಾತು ಬೇಗ ತಲೆಗೆ ಹೋಗುತ್ತದೆ. ಈಗ ಶಾಲೆಯ ಅಂಗಳದಲ್ಲಿ ನೇರ ಗೋಡೆಯ ಡಬ್ಬಿ ಇಟ್ಟು ಮಳೆ ಅಳೆಯುತ್ತಿದ್ದೇವೆ. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು.

ಬೆಂಗಳೂರಿನ ಶಿಕ್ಷಕರಿಗೆ ಲಾಲ್‌ಬಾಗ್ ಬಂಡೆ ಇದೆ, ಉಡುಪಿಯವರಿಗೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ನೀವೊಬ್ಬರೇ ಹೋಗಿ ಬನ್ನಿ. ಅಲ್ಲಿ ಕೂತು ನಿಮ್ಮ ಊಹೆಯನ್ನೂ ಬರೆದುಕೊಳ್ಳಿ.